ಕುಸುಬಿಯನ್ನು ಕೂಗಿದ ಮಧ್ಯಾಹ್ನ

ನಮ್ಮೂರಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. ಕೂಗಿದ ಹೆಸರು, ಅದರ ಒಡೆಯ ಬಂದು ಕೇಳಿಸಿಕೊಳ್ಳುವ ತನಕ ಕೂಗಿದ ಜಾಗದಲ್ಲೇ ಉಳಿದುಬಿಡುತ್ತದೆ. ಮರುದಿನ ಅದೇ ಹೊತ್ತಿಗೆ, ಅದರ ಮರುದಿನವೂ ಅದೇ ಹೊತ್ತಿಗೆ, ಅದೇ ದನಿಯಲ್ಲಿ ಕೇಳುತ್ತದೆ. ಹಾಗಾಗಿ ತಾಯಂದಿರು ಆಡಲು ಹೋದ ಮಕ್ಕಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಾರೆ. ಶಾಲೆಯಲ್ಲಿ ಹಾಜರಿಗೆ ನಂಬರು. ಮನೆ ಬಾಡಿಗೆಗೆ ಹಿಡಿಯುವವರು ಮೊದಲು ಒಂದು ದಿನ ಪೂರ್ತಿ ಆ ಮನೆಯ ಕಟ್ಟೆಯ ಮೇಲೆ ಕೂತು, ಯಾವ ಹೊತ್ತಿನಲ್ಲಾದರೂ ಯಾರ ಹೆಸರಾದರೂ ಕೇಳುತ್ತದೆಯೇ ಎಂದು ಕಾದು ನೋಡಿ ಆಮೇಲೆ ಮಾತಾಡುತ್ತಾರೆ. ಎಲೆ ಅಡಿಕೆ ಅಂಗಡಿಯ ಮುಂದೆ ದಿನಾ ಸಂಜೆ ಒಬ್ಬ ಹೆಂಗಸು 'ಮಲ್ಲೇಶೀ' ಎಂದು ಕರೆಯುವುದು ಕೇಳುತ್ತದೆ. ಕರೆದವಳು ಯಾರು, ಮಲ್ಲೇಶಿ ಯಾರು, ಈಗ ಬದುಕಿರುವವರಿಗೆ ಗೊತ್ತಿಲ್ಲ. ಅಂಗಡಿಯವನು ಸುಣ್ಣ ಹಚ್ಚುವ ಕೈಯನ್ನು ಆ ಒಂದು ಗಳಿಗೆ ತಡೆದು, ಆಮೇಲೆ ಮುಂದುವರಿಸುತ್ತಾನೆ. ಊರಿನಲ್ಲಿ ಯಾರೂ ಮಕ್ಕಳಿಗೆ ಮಲ್ಲೇಶಿ ಎಂದು ಹೆಸರಿಡುವುದಿಲ್ಲ, ಅಷ್ಟೆ.

ನಮ್ಮದು ಬಳೆಗಾರರ ಓಣಿಯ ಬಾಯಿಗಿರುವ ಹಿಟ್ಟಿನ ಗಿರಣಿ. ಗಿರಣಿಯ ಹಿಂದೆಯೇ ಮನೆ. ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ನೀಲವ್ವ, ಇಬ್ಬರೇ. ನನ್ನ ಗಂಡ ಚನ್ನವೀರ ಗಿರಣಿ ಬಿಟ್ಟು ಹೋಗಿ ಕೆಲವು ವರ್ಷಗಳಾಗಿದ್ದವು. ಜಗಳ ಆಡಿ ಹೋದವನಲ್ಲ. ಮೊದಲಿನಿಂದಲೂ ಅವನಿಗೆ ಗಿರಣಿಯ ಸದ್ದು ಆಗುತ್ತಿರಲಿಲ್ಲ, ಧೂಳಿಗೆ ಕೆಮ್ಮುತ್ತಿದ್ದ, ಯಾರ ಹತ್ತಿರವೂ ಹೆಚ್ಚು ಮಾತಿರಲಿಲ್ಲ. ಸುಗ್ಗಿಯ ಒಂದು ದಿನ, ಗಿರಣಿಯ ಮುಂದೆ ಜೋಳದ ಡಬ್ಬಿಗಳು ಸಾಲಾಗಿ ಕೂತಿದ್ದಾಗ, ಮೋಟರು ಬಂದ್ ಮಾಡಿ, ತಲೆಯ ಹಿಟ್ಟು ಕೊಡವಿ, ಅಂಗಿ ಬದಲಿಸಿಕೊಂಡು ಹೋದ. ಬರುತ್ತಾನೆ ಎಂದುಕೊಂಡೆವು. ಬರಲಿಲ್ಲ. ಹಿಟ್ಟಿಗೆ ಕಾದು ಕೂತವರಿಗೆ ನಾನೇ ಮೋಟರು ಚಾಲೂ ಮಾಡಿ ಬೀಸಿಕೊಟ್ಟೆ. ಅಂದಿನಿಂದ ನಾನೇ ಬೀಸುತ್ತಿದ್ದೇನೆ.

ಆಗ ಅವನನ್ನು ಕೂಗೋಣ ಎಂದು ಯಾರೋ ಅಂದದ್ದಕ್ಕೆ ಅತ್ತೆಯೇ ಅಡ್ಡ ಬಂದಿದ್ದರು. "ಬ್ಯಾಡ. ಅಂವ ಬರಲಿಲ್ಲಂದ್ರ ದಿನಾ ಅಂವನ ಹೆಸರು ಮನೀ ಮುಂದ ಕೇಳಿ ಈ ಹುಡುಗಿ ಹೆಂಗ ಬದುಕಬೇಕು?" ಎಂದಿದ್ದರು. ಆ ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ನಮ್ಮ ಮನೆಯಲ್ಲಿ ಅವನ ಹೆಸರನ್ನು ಮೆಲ್ಲಗೆ ಕೂಡ ಯಾರೂ ಎತ್ತಲಿಲ್ಲ.

ಬೆಕ್ಕು ಬಂದದ್ದು ಅದೇ ವರ್ಷ, ಎಣ್ಣೆಗಾಣಕ್ಕೆ ಹೋಗಬೇಕಿದ್ದ ಕುಸುಬಿ ಚೀಲವೊಂದು ತಪ್ಪಿ ನಮ್ಮಲ್ಲಿಗೆ ಬಂದಾಗ. ಚೀಲ ಬಿಚ್ಚಿದರೆ ಒಳಗೆ ಕಣ್ಣು ಈಗಷ್ಟೇ ತೆರೆದ ಮರಿ. ಚೀಲದ ಒಡೆಯ ಕುಸುಬಿ ಒಯ್ದ, ಮರಿ ಇಲ್ಲೇ ಉಳಿಯಿತು. ದೊಡ್ಡದಾದ ಮೇಲೆ ಗಿರಣಿಯಲ್ಲಿ ಇಲಿಯ ಸುಳಿವಿಲ್ಲದಂತೆ ಮಾಡಿತು. ನಮ್ಮೂರಿನಲ್ಲಿ ಸಾಕಿದ ಪ್ರಾಣಿಗೆ ಹೆಸರಿಡುವ ರೂಢಿಯಿಲ್ಲ. ಹೆಸರಿಟ್ಟರೆ ಒಂದಲ್ಲ ಒಂದು ದಿನ ಬಾಯಿ ತಪ್ಪಿ ಕೂಗಿಬಿಡುತ್ತೇವೆ ಎಂಬ ಭಯ. ನಾನು ಅದನ್ನು ಬೆಕ್ಕು ಎಂದೇ ಕರೆದೆ. ಅತ್ತೆ ಗಿರಣಿಯ ಬಾಗಿಲ ಪಕ್ಕದ ಹೊರಸಿನ ಮೇಲೆ ಕೂತು ಬೀಸಲು ಬಂದವರ ಡಬ್ಬಿಗಳಿಗೆ ಸರದಿ ಹಚ್ಚುವರು, ಬೆಕ್ಕು ಅವರ ಮಡಿಲಲ್ಲಿ ಮಲಗುವುದು. ಕೆಲವೊಮ್ಮೆ ಅವರು ಬಗ್ಗಿ ಅದರ ಕಿವಿಯಲ್ಲಿ ಏನೋ ಅನ್ನುತ್ತಿದ್ದರು. ಮೋಟರಿನ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಗೋಧಿ ಬೀಸುತ್ತಿದ್ದಾಗ ಮೋಟರಿನ ಬೆಲ್ಟು ಹರಿಯಿತು. ಹರಿದ ತುದಿ ತಗಡಿನ ಗೋಡೆಗೆ ಬಡಿದ ಸದ್ದಿಗೆ ಓಣಿಯವರೆಲ್ಲ ಹೊರಗೆ ಬಂದರು. ನನಗೇನೂ ಆಗಲಿಲ್ಲ, ಅತ್ತೆಗೂ ಆಗಲಿಲ್ಲ. ಬೆಲ್ಟು ತರಿಸುವುದು, ಅರ್ಧ ಬೀಸಿದ ಗೋಧಿ ಬಳಿದು ಕೊಡುವುದು, ಇದರಲ್ಲೇ ಸಂಜೆಯಾಯಿತು. ಹಾಲು ಹಾಕುವ ಹೊತ್ತಿಗೆ ಅತ್ತೆ ಕೇಳಿದರು.

"ಬೆಕ್ಕೆಲ್ಲಿ ಐತಿ?"

"ಇಲ್ಲೇ ಎಲ್ಲೋ ಇರತೈತ್ರಿ ಅತ್ತಿ."

ಇರಲಿಲ್ಲ. ಮರುದಿನ ಬೆಳಗಾದರೂ ಬಟ್ಟಲಿನ ಹಾಲು ಹಾಗೇ ಇತ್ತು, ಕೆನೆ ಕಟ್ಟಿ ಅದರ ಮೇಲೆ ಹಿಟ್ಟು ಕೂತಿತ್ತು. ಅತ್ತೆ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟು ಎದ್ದರು.

ಬೆಕ್ಕು ಕಳೆದರೆ ಏನು ಮಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಎಮ್ಮೆ ಕಳೆದರೆ ದಾರಿ ಹಿಡಿದು ಹೋಗಬಹುದು. ಮನುಷ್ಯ ಹೋದರೆ ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸಬಹುದು. ಬೆಕ್ಕು ಯಾವ ದಾರಿಯನ್ನೂ ಹಿಡಿಯುವುದಿಲ್ಲ. ನಮ್ಮ ಓಣಿಯಲ್ಲಿ ಬೆಕ್ಕಿನ ವಿಷಯ ತಿಳಿದವಳೆಂದರೆ ಬಳೆ ಮಾರುವ ಹುಸೇನಬಿ. ಅವಳ ಹಿತ್ತಿಲಿನಲ್ಲಿ ಬೆಕ್ಕುಗಳ ಸಂತೆಯೇ ಇತ್ತು. ಅವಳ ಬಳಿ ಹೋದೆ. ಅವಳು ಬಳೆಯ ಪೆಟ್ಟಿಗೆ ಒತ್ತಟ್ಟಿಗೆ ಸರಿಸಿ, ನನ್ನನ್ನು ಕೂಡಿಸಿ, ಡಾಕ್ಟರು ಕೇಳಿದಂತೆ ಕೇಳಿದಳು.

"ತಾನಾಗೇ ಹೋತೋ, ಹೆದರಿ ಹೋತೋ?"

"ಹೆದರಿ. ಬೆಲ್ಟು ಹರೀತಲ್ಲ, ಆವಾಗ."

"ಹಂಗಾರ ದೂರ ಹೋಗಿಲ್ಲ. ಹೆದರಿದ ಬೆಕ್ಕು ಹತ್ರನ ಎಲ್ಲೋ ಹೊಕ್ಕೊಂಡು ಕುಂತಿರತೈತಿ. ನೀ ಪಕ್ಕದಾಗ ನಿಂತು ಕರದ್ರೂ ಉಸುರು ಬಿಡೂದಿಲ್ಲ. ಮೊದಲ ಮನೀ ಒಳಗ ನೋಡು. ಅಟ್ಟದ ಮ್ಯಾಲ, ಚೀಲದ ಸಂದಿ, ಮೋಟರಿನ ಹಿಂದ. ಅದು ಮಲಗೂ ಚೀಲ ಐತಲ್ಲ, ಅದನ್ನ ತೊಳೀಬ್ಯಾಡ, ಹಂಗ ಬಾಗಲಾ ಹೊರಗ ಹಾಸು. ವಾಸನಿ ಹಿಡಕೊಂಡು ಬರತೈತಿ. ಬೆಳಕು ಹರಿಯೂದರಾಗ ಎದ್ದು ಅಡ್ಡಾಡು, ಮಂದಿ ಇರೂದಿಲ್ಲ. ಕಂಡ್ರ ಬೆನ್ನ ಹತ್ತಬ್ಯಾಡ. ಅಲ್ಲೇ ನೆಲದ ಮ್ಯಾಲ ಕುಂತ್ಕೋ, ಆ ಕಡೆ ನೋಡಬ್ಯಾಡ, ತಾನಾಗೇ ಬರತೈತಿ. ಬಣ್ಣ ಯಾವುದು?"

"ಬಿಳೇದು."

"ಬಿಳೇದಾದ್ರ ಚೊಲೊ ಆತು, ಕಣ್ಣಿಗೆ ಬೀಳತೈತಿ," ಎಂದಳು.

ಅವಳು ಹೇಳಿದ್ದನ್ನೆಲ್ಲ ಮಾಡಿದೆ. ಅಟ್ಟದ ಮೇಲಿನ ಹಳೆಯ ಜರಡಿಗಳನ್ನೆಲ್ಲ ಇಳಿಸಿದೆ. ಮೋಟರಿನ ಹಿಂದೆ ಕೈಯಾಡಿಸಿ ಮೊಳಕೈ ತನಕ ಗ್ರೀಸು ಮಾಡಿಕೊಂಡೆ. ಬೆಕ್ಕಿನ ಚೀಲವನ್ನು ಹೊಸ್ತಿಲ ಹೊರಗೆ ಹಾಸಿದೆ, ಓಣಿಯ ನಾಯಿಯೊಂದು ಬಂದು ಸಂತೋಷದಿಂದ ಅದರ ಮೇಲೆ ಮಲಗಿತು. ಬೆಳಗಿನ ಮಬ್ಬಿನಲ್ಲಿ ಎದ್ದು, ಮಂಡಿಯೂರಿ, ಗಟಾರದ ಕಲ್ಲಿನ ಕೆಳಗೆ, ಕಟ್ಟಿಗೆ ಅಡ್ಡೆಯ ತೊಲೆಗಳ ನಡುವೆ ಬಗ್ಗಿ ನೋಡಿದೆ. ಪುಸ್ ಪುಸ್ ಎಂದು ಕರೆಯುವುದಕ್ಕೆ ತೊಂದರೆಯಿಲ್ಲ, ಅದು ಯಾರ ಹೆಸರೂ ಅಲ್ಲ. ಆದರೆ ಅದು ಎಲ್ಲ ಬೆಕ್ಕುಗಳ ಕರೆ. ಎಲ್ಲ ಬೆಕ್ಕುಗಳೂ ಬಂದವು, ನಮ್ಮದೊಂದನ್ನು ಬಿಟ್ಟು.

ಓಣಿಯವರೂ ಸುಮ್ಮನೆ ಕೂರಲಿಲ್ಲ. ನೀಲವ್ವನ ಬೆಕ್ಕು, ಬಿಳಿಯದು, ಎಂಬ ಸುದ್ದಿ ಊರೆಲ್ಲ ಹರಡಿತು. ಶಾಲೆಯ ವೀರಭದ್ರ ಮಾಸ್ತರು ಕೈಚೀಲವೊಂದನ್ನು ದೂರ ಹಿಡಿದುಕೊಂಡು ಬಂದರು. ಚೀಲ ತಾನೇ ಒದ್ದಾಡುತ್ತಿತ್ತು. ಬಿಚ್ಚಿದ್ದೇ ತಡ, ಭಾರೀ ಗಾತ್ರದ ಬಿಳಿ ಗಂಡು ಬೆಕ್ಕೊಂದು ಹಾರಿ, ಮಾಸ್ತರ ಅಂಗಿಯ ತೋಳು ಸೀಳಿ, ಗೋಧಿಯ ಡಬ್ಬಿ ಉರುಳಿಸಿ, ಬಂದ ದಾರಿಯಲ್ಲೇ ಹೋಯಿತು. "ಅಮ್ಮಾರ, ಇದಾ ಏನ್ರಿ?" ಎಂದು ಮಾಸ್ತರು ಕೈ ಒತ್ತಿ ಹಿಡಿದು ಕೇಳಿದರು. ಬೆಕ್ಕು ಹೋದ ಮೇಲೆ ಅತ್ತೆ ಅಂದೇ ಮೊದಲ ಸಲ ನಕ್ಕರು. ಆಮೇಲೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ನಡುವೆ ಒಂದು ಜೋರು ಮಳೆ ಬಂತು. ಮಳೆ ನಿಂತ ಮೇಲೆ ಹುಸೇನಬಿ ಬಂದು, "ನಮ್ಮ ಹಿತ್ತಲದಾಗ ಕಟಗಿ ಒಟ್ಟಿಲ್ಲೇನು, ಅದರ ತಳಕ್ಕ ಒಂದು ಹೊಸ ಬೆಕ್ಕು ಬಂದು ಕುಂತೈತಿ. ಅನ್ನ ಇಟ್ರೂ ತಿನ್ನೂದಿಲ್ಲ, ಹಾಲು ಇಟ್ರೂ ಮೂಸೂದಿಲ್ಲ. ಆದ್ರ ಬಿಳೇದಲ್ಲ, ಬೂದಿ ಬಣ್ಣದ್ದು," ಎಂದಳು.

"ಹಂಗಾರ ನಮ್ಮದಲ್ಲ ಬಿಡು," ಎಂದೆ. ಹೋಗಿ ನೋಡಲೂ ಇಲ್ಲ.

ಅತ್ತೆ ಊಟ ಬಿಟ್ಟಿರಲಿಲ್ಲ, ಆದರೆ ತಿನ್ನುತ್ತಿದ್ದುದು ಹಕ್ಕಿ ತಿಂದಷ್ಟು. ಹೊರಸಿನ ಮೇಲೆ ಕೂತರೂ ಡಬ್ಬಿಗಳ ಸರದಿ ತಪ್ಪಿಸುತ್ತಿದ್ದರು. ಒಂದು ಮಧ್ಯಾಹ್ನ ಊಟವಾದ ಮೇಲೆ ಸೆರಗು ಹೊದ್ದುಕೊಂಡು ಎದ್ದವರು, ಗಿರಣಿಯ ಮೆಟ್ಟಿಲಿಳಿದು ಓಣಿಯ ನಡುವೆ ಹೋಗಿ ನಿಂತರು. ಎರಡೂ ಕೈ ಬಾಯಿಯ ಪಕ್ಕಕ್ಕೆ ತಂದುಕೊಂಡರು. ಎದುರಿನ ಕಟ್ಟೆಯಲ್ಲಿ ಕೂತಿದ್ದ ಕಟ್ಟಿಗೆ ಅಡ್ಡೆಯ ಮಹಾಲಿಂಗಪ್ಪನವರಿಗೆ ಏನು ನಡೆಯಲಿದೆ ಎಂಬುದು ನನಗಿಂತ ಮೊದಲು ತಿಳಿಯಿತು.

"ಅಕ್ಕಾ, ಬ್ಯಾಡ! ಒಂದ ಬೆಕ್ಕಿನ ಸಲುವಾಗಿ ಓಣೀನ ಕೆಡಸ್ತಿ ಏನು?" ಎನ್ನುತ್ತ ಎದ್ದು ಬಂದರು.

"ಅತ್ತೀ, ಅದಕ್ಕ ಹೆಸರ ಇಲ್ಲಲ್ರಿ, ಏನಂತ ಕೂಗ್ತೀರಿ?" ಎಂದೆ ನಾನು.

ಅವರು ನನ್ನ ಕಡೆ ತಿರುಗಿ, ಸ್ವಲ್ಪ ನಾಚಿದವರ ಹಾಗೆ, "ಇಟ್ಟೀನಿ," ಎಂದರು. ಆಮೇಲೆ ಕೂಗಿದರು.

"ಕುಸುಬೀ..."

ಅವರಿಗೆ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ಗಂಟಲಿನಲ್ಲಿ ಕಟ್ಟಿಕೊಂಡಿದ್ದು ಒಮ್ಮೆಗೇ ಬಿಚ್ಚಿದ ಹಾಗಿತ್ತು. ಕಿಟಕಿಗಳು ತೆರೆದವು. ಸೈಕಲ್ಲಿನ ಮೇಲೆ ಹೋಗುತ್ತಿದ್ದವನು ಕಾಲೂರಿ ನಿಂತ. ಎಲ್ಲರೂ ಒಂದಷ್ಟು ಹೊತ್ತು ಕಾದೆವು. ಬೆಕ್ಕು ಬರಲಿಲ್ಲ. ಮಹಾಲಿಂಗಪ್ಪನವರು ತಲೆಯಾಡಿಸಿ, "ಆತು. ಇನ್ನ ಮೊಮ್ಮಕ್ಕಳ ಕಾಲಕ್ಕೂ ಇದನ್ನ ಕೇಳೋದು," ಎಂದು ಹೊರಟುಹೋದರು.

ಮರುದಿನ ಅದೇ ಹೊತ್ತಿಗೆ ಅತ್ತೆ ನನ್ನ ಪಕ್ಕದಲ್ಲಿ ಕೂತು ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತಿದ್ದಾಗ ಓಣಿಯ ನಡುವಿನಿಂದ ಅವರದೇ ದನಿ ಕೇಳಿತು. ಇಬ್ಬರೂ ಕೈ ತಡೆದು ಕೂತೆವು. ಅದರ ಮರುದಿನವೂ ಕೇಳಿತು. ಮನುಷ್ಯರಾಗಿ ನಾವು ಕೂಗಿದ್ದರೆ ಎರಡು ದಿನಕ್ಕೆ ಬೇಸತ್ತು ಬಿಡುತ್ತಿದ್ದೆವೇನೋ. ಕರೆ ಬೇಸರಪಡಲಿಲ್ಲ. ನಿನ್ನೆಯ ಆಸೆಯೇ ಇವತ್ತೂ ಅದರಲ್ಲಿತ್ತು.

ಆ ವಾರವೇ ಒಂದು ದಿನ ನಾನು ಓಣಿಗೆ ನೀರು ಚಿಮುಕಿಸುತ್ತಿದ್ದೆ. ಕರೆಯ ಹೊತ್ತಾಗುತ್ತ ಬಂದಿತ್ತು. ಹುಸೇನಬಿಯ ಹಿತ್ತಿಲ ಗೋಡೆಯ ಮೇಲೆ ಬೂದಿ ಬಣ್ಣದ ಸಣಕಲು ಬೆಕ್ಕೊಂದು ಆಗಲೇ ಬಂದು ಕೂತಿತ್ತು, ಹೊತ್ತು ಕಾದವರ ಹಾಗೆ. ಅದು ಕೆಳಗೆ ಹಾರಿ, ಬಾಲ ನೆಟ್ಟಗೆ ಮಾಡಿ, ಒದ್ದೆ ನೆಲವನ್ನು ತಪ್ಪಿಸುತ್ತ ನಡೆದು ಬಂದು, ಅತ್ತೆ ಅಂದು ನಿಂತಿದ್ದ ಜಾಗದಲ್ಲಿ ಕೂತು ಮೇಲೆ ನೋಡಿತು. 'ಕುಸು' ಎಂದು ಶುರುವಾದ ಕರೆ ಅಷ್ಟಕ್ಕೇ ನಿಂತಿತು. ಕೊನೆಯ ಅಕ್ಷರ ಬರಲೇ ಇಲ್ಲ.

ನಾನು ಕೊಡ ಕೆಳಗಿಟ್ಟೆ. ಬೂದಿ ಬಣ್ಣದ ಬೆಕ್ಕು ನನ್ನ ಕಾಲ ಪಕ್ಕ ಹಾದು, ಗಿರಣಿಯ ಮೆಟ್ಟಿಲೇರಿ, ಸೀದಾ ಹೋಗಿ ಅತ್ತೆಯ ಮಡಿಲು ಹತ್ತಿತು. ಆಗ ನನಗೆ ತಿಳಿಯಿತು. ಮರಿಯಾಗಿ ಬಂದ ದಿನದಿಂದ ಅದು ಹಿಟ್ಟಿನಲ್ಲೇ ಬೆಳೆದದ್ದು. ಎಷ್ಟು ನೆಕ್ಕಿಕೊಂಡರೂ ಮತ್ತೆ ಮೈ ಮೇಲೆ ಹಿಟ್ಟು. ಬಿಳಿಯದು ಎಂದು ನಾನೇ ಊರಿಗೆಲ್ಲ ಸಾರಿದ್ದೆ. ಮಳೆಯಲ್ಲಿ ತೊಳೆದುಕೊಂಡು ತನ್ನ ಬಣ್ಣದಲ್ಲಿ ಅದು ಪಕ್ಕದ ಹಿತ್ತಿಲಿನಲ್ಲೇ ಕೂತಿದ್ದಾಗ, ನಮ್ಮದಲ್ಲ ಎಂದವಳೂ ನಾನೇ. ಹುಸೇನಬಿ ಹಣೆ ಹಣೆ ಬಡಿದುಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಬೆಕ್ಕಿನ ಎದೆಗೂಡಿನ ಎಲುಬುಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತ, "ಉಪವಾಸ ಕುಂತಿತ್ತು ನೋಡು, ಕರೀತಾರಂತ," ಎಂದರು.

ಅಂದಿನಿಂದ ಅತ್ತೆ ಹೊಟ್ಟೆ ತುಂಬ ಉಣ್ಣತೊಡಗಿದರು, ಸರದಿ ತಪ್ಪಿಸಲಿಲ್ಲ. ಆದರೆ ಏನೋ ಒಂದು ಯೋಚನೆ ಅವರನ್ನು ಹಿಡಿದಿತ್ತು. ನಾನು ನೋಡಿದಾಗೆಲ್ಲ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಒಂದು ಭಾನುವಾರ, ಗಿರಣಿಗೆ ರಜೆ, ನಾನು ಬೀಸುವ ಕಲ್ಲನ್ನು ಬಿಚ್ಚಿ ಅಂಗಳದಲ್ಲಿಟ್ಟು ಉಳಿಯಿಂದ ಹೊಡೆದು ಹರಿತ ಮಾಡುತ್ತಿದ್ದೆ. ಅವರು ಬಂದು ಎದುರಿಗೆ ಕೂತರು.

"ಲೀಲಾ, ಒಂದು ಕೇಳಲಾ? ನಿನಗ ಬ್ಯಾಡಂದ್ರ ಬ್ಯಾಡ."

"ಕೇಳ್ರಿ."

"ಅಂವನ್ನ ಒಮ್ಮಿ ಕೂಗಲಾ?"

ಉಳಿ ಕೈಯಲ್ಲೇ ನಿಂತಿತು. ಅವನು ಎಂದರೆ ಯಾರು ಎಂದು ಕೇಳುವ ಹಾಗಿರಲಿಲ್ಲ.

ನಿಜ ಹೇಳುವುದಾದರೆ ನನಗೆ ಮೊದಲು ಬಂದದ್ದು ಭಯ. ಅವನು ಬರಲಾರನು ಎಂಬ ಭಯವಲ್ಲ, ಬಂದುಬಿಟ್ಟರೆ ಎಂಬ ಭಯ. ಅವನು ಹೋದ ವರ್ಷ ಬಹಳ ಅತ್ತಿದ್ದೆ. ಆದರೆ ಆ ಅಳು ಎಂದು ನಿಂತಿತು ಎಂಬುದು ನನಗೇ ಗೊತ್ತಾಗಿರಲಿಲ್ಲ. ಈಗ ಈ ಕಲ್ಲು ಎಷ್ಟು ಹರಿತವಾದರೆ ಜೋಳ ನುಣ್ಣಗಾಗುತ್ತದೆ, ಯಾವ ಮನೆಯವರಿಗೆ ರೊಟ್ಟಿಗೆ ದಪ್ಪ ಹಿಟ್ಟು ಬೇಕು ಎಂಬುದೆಲ್ಲ ನನ್ನ ಕೈಗೆ ಬಂದಿತ್ತು. ನನ್ನ ದಿನ ನನ್ನದಾಗಿತ್ತು. ಅವನು ಬಾಗಿಲಲ್ಲಿ ಬಂದು ನಿಂತರೆ ನಾನು ಎಲ್ಲಿ ನಿಲ್ಲಬೇಕು?

ಆದರೆ ನನ್ನ ಎದುರಿಗೆ ಕೂತಿದ್ದವರು ನನಗಾಗಿ ಇಷ್ಟು ವರ್ಷ ಮಗನ ಹೆಸರನ್ನು ನುಂಗಿಕೊಂಡವರು. ಸಿಕ್ಕ ಬೆಕ್ಕಿನ ಕಿವಿಯಲ್ಲಿ ಮಾತಾಡಿಕೊಂಡು ದಿನ ನೂಕಿದವರು. ನಾನು ಬೇಡವೆಂದರೆ ಅವರು ಎದ್ದು ಹೋಗಿ ಸೊಪ್ಪು ಸೋಸುತ್ತ ಕೂರುತ್ತಿದ್ದರು, ಮತ್ತೆಂದೂ ಕೇಳುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಕೂಗ್ರಿ ಅತ್ತಿ," ಎಂದೆ. "ಆದ್ರ ಬಂದ್ರ ನಿಮ್ಮ ಮಗ ಆಗಿ ಬರಲಿ. ನನ್ನ ಗಂಡ ಆಗೂದು ಬಿಡೂದು ನಾನೂ ಅವರೂ ಕುಂತು ಮಾತಾಡೂ ಮಾತು. ಅದನ್ನ ನೀವು ನಡುವ ತರಬ್ಯಾಡ್ರಿ."

ಅತ್ತೆ ನನ್ನ ಕೂದಲಿಗೆ ಹತ್ತಿದ್ದ ಕಲ್ಲಿನ ಪುಡಿಯನ್ನು ಊದಿ ತೆಗೆದು, "ಆತವಾ," ಎಂದರು.

ಮರುದಿನ ಬೆಳಿಗ್ಗೆ, ಬಸ್ಸುಗಳು ಬರುವ ಹೊತ್ತಿಗೆ, ಅವರು ಓಣಿಯ ನಡುವೆ ನಿಂತು ಮಗನನ್ನು ಕೂಗಿದರು. ಈ ಸಲ ಯಾರೂ ತಡೆಯಲಿಲ್ಲ. ಮಹಾಲಿಂಗಪ್ಪನವರು ಕಟ್ಟೆಯಿಂದ ಎದ್ದು ನಿಂತರು, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಮೊದಮೊದಲು ಆ ಹೊತ್ತಿಗೆ ನಾನು ಮೋಟರಿನ ಮಗ್ಗುಲಲ್ಲಿ ನಿಂತು ಬಿಡುತ್ತಿದ್ದೆ, ಕೇಳಿಸದಿರಲಿ ಎಂದು. ಬರಬರುತ್ತ ರೂಢಿಯಾಯಿತು. ಓಣಿಗೂ ರೂಢಿಯಾಯಿತು. ಬಸ್ಸಿಗೆ ಬಂದು ಹೋಗುವವರ ಬಾಯಲ್ಲಿ ಸುದ್ದಿ ಬೇರೆ ಊರುಗಳಿಗೂ ಹೋಯಿತು. ಹುಸೇನಬಿ ಬಳೆಯ ಪೆಟ್ಟಿಗೆ ಹೊತ್ತು ಹೊರಡುವುದು ಆ ಕರೆ ಕೇಳಿದ ಮೇಲೆಯೇ. ಶಾಲೆಯ ಮಕ್ಕಳು ಕೇಳಿಸಿತೆಂದರೆ ಹೊತ್ತಾಯಿತೆಂದು ಓಡುತ್ತಿದ್ದವು. 'ಕರೆ ಉಳಿದ ಮನೆ' ಎಂದು ಕೆಲವರು ಬೇರೆ ಗಿರಣಿಗೆ ಹೋದರು. ಆದರೆ ಅಲ್ಲಿಯ ಹಿಟ್ಟು ತರಿ ತರಿ ಎಂದು ಅವರಲ್ಲಿ ಹೆಚ್ಚಿನವರು ಮರಳಿ ಬಂದರು. ಚಳಿಗಾಲದಲ್ಲಿ ಅತ್ತೆಗೆ ಜ್ವರ ಬಂದು ಬಹಳ ಸೊರಗಿದರು. ಮನೆಯೊಳಗೆ ಅವರ ದನಿ ಹಾಸಿಗೆಯ ಆಚೆ ಕೇಳದಷ್ಟು ಸಣ್ಣದಾಯಿತು. ಹೊರಗೆ ದಿನಾ ಬೆಳಿಗ್ಗೆ ಅದೇ ಗಟ್ಟಿ ದನಿ ಮಗನನ್ನು ಕರೆಯುತ್ತಿತ್ತು. "ನಂದ ದನಿ ಹೌದಲ್ಲ ಅದು?" ಎಂದು ಒಮ್ಮೆ ಕೇಳಿದರು. "ಹೌದ್ರಿ," ಎಂದೆ. "ಚೊಲೊ ಐತಿ," ಎಂದು ಕಣ್ಣು ಮುಚ್ಚಿದರು.

ಅವರು ಚೇತರಿಸಿಕೊಂಡು ಮತ್ತೆ ಹೊರಸಿಗೆ ಬಂದು ಕೂರಲು ಶುರು ಮಾಡಿದ ದಿನಗಳಲ್ಲಿ, ಒಂದು ಬೆಳಿಗ್ಗೆ, ನಾನು ಡಬ್ಬಿ ಎತ್ತಿ ಜೋಳ ಸುರಿಯುತ್ತಿದ್ದೆ. ಕರೆ ಶುರುವಾಯಿತು. 'ಚನ್ನ' ಎಂದಿತು. ಅಲ್ಲಿಗೇ ನಿಂತಿತು.

ಮೋಟರು ಬಂದ್ ಮಾಡಿದೆ. ಅತ್ತೆ ಆಗಲೇ ಗೋಡೆ ಹಿಡಿದುಕೊಂಡು ಎದ್ದು ಬಾಗಿಲಲ್ಲಿ ನಿಂತಿದ್ದರು. ಓಣಿಯ ನಡುವೆ ಒಬ್ಬ ಮನುಷ್ಯ ಕೈಯಲ್ಲಿ ಚೀಲ ಹಿಡಿದು ತಲೆ ಬಗ್ಗಿಸಿ ನಿಂತಿದ್ದ. ಕಿವಿಯ ಹತ್ತಿರ ಕೂದಲು ನರೆತಿತ್ತು. ತಲೆಯೆತ್ತಿ ಮೊದಲು ತಾಯಿಯನ್ನು ನೋಡಿದ, ಆಮೇಲೆ ನನ್ನನ್ನು, ನನ್ನ ಕೈಯ ಡಬ್ಬಿಯನ್ನು. ಚೀಲ ನೆಲಕ್ಕಿಟ್ಟು, ಎರಡೂ ಕೈ ಜೋಡಿಸಿ ತಾಯಿಗೆ ಮುಗಿದ. ಅತ್ತೆ ಕೈಯೆತ್ತಿ ಹರಸಿದರು. ಅವನು ಚೀಲ ಎತ್ತಿಕೊಂಡು ತಿರುಗಿ ನಡೆಯತೊಡಗಿದ.

ನಾನು ಡಬ್ಬಿ ಬಿಟ್ಟು ಮೆಟ್ಟಿಲಿಳಿದೆ. ಅವನು ನನಗೆ ಬೇಕಿರಲಿಲ್ಲ, ಆದರೆ ಅತ್ತೆಗಾಗಿ ಓಡಿ ಹೋಗಿ ಅವನ ಅಂಗಿ ಹಿಡಿದು ಎಳೆದು ತರುವುದಕ್ಕೂ ನಾನು ಸಿದ್ಧಳಿದ್ದೆ. ಅತ್ತೆ ನನ್ನ ತೋಳು ಹಿಡಿದರು.

"ಬಿಡವಾ. ಕೇಳಿಸ್ಕೊಂಡಾನ."

ಅವನು ತಿರುವು ದಾಟುವ ತನಕ ಇಬ್ಬರೂ ನೋಡುತ್ತ ನಿಂತೆವು. ಬಸ್ ಸ್ಟ್ಯಾಂಡಿನ ಕಡೆಗೆ ಅವನು ಅವಸರವಿಲ್ಲದೆ ನಡೆದು ಹೋದ. ಕೆಮ್ಮುತ್ತಿರಲಿಲ್ಲ. ಅತ್ತೆಯ ಕಣ್ಣಿನಿಂದ ನೀರು ಹರಿಯುತ್ತಿತ್ತು, ಆದರೆ ಮುಖ ಅತ್ತವರ ಮುಖದ ಹಾಗಿರಲಿಲ್ಲ.

"ಮೈ ಕೈ ತುಂಬಿಕೊಂಡಾನ ನೋಡು," ಎಂದರು. "ಯಾರೋ ಚೊಲೊತ್ನಾಗಿ ಉಣ್ಣಾಕ ನೀಡ್ತಾರ."

ಹೇಳಿದ ಮೇಲೆ, ಯಾರ ಮುಂದೆ ಹೇಳಿದೆ ಎಂಬುದು ನೆನಪಾಗಿ, ಗಾಬರಿಯಿಂದ ನನ್ನ ಮುಖ ನೋಡಿದರು.

"ಹೌದ್ರಿ ಅತ್ತಿ, ನನಗೂ ಹಂಗ ಅನಸ್ತು," ಎಂದೆ. ಅದರಲ್ಲಿ ಸುಳ್ಳಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವರು ನನ್ನ ತೋಳಿನ ಮೇಲಿನ ಕೈ ತೆಗೆಯಲಿಲ್ಲ. ಹಾಗೇ ಅದನ್ನು ಊರಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ಇಬ್ಬರೂ ಒಳಗೆ ಬಂದೆವು.